ಟ್ರಂಕಿನಲ್ಲಿ ಸಿಕ್ಕ ಫೋಟೊ, ಕಾರ್ಡುಗಳು: ಮೊದಲು ಹಿಂಬದಿ ನೋಡಿ

ಪ್ರಶ್ನೆ: ಬಸವನಗುಡಿಯ ನಮ್ಮ ಹಳೆಯ ಮನೆ ಕೆಡವುವ ಮುಂಚೆ ಅಟ್ಟ ಖಾಲಿ ಮಾಡಿದಾಗ ತಾತನ ತಗಡಿನ ಟ್ರಂಕು ಸಿಕ್ಕಿತು. ಒಳಗೆ ಕಪ್ಪು ಹಾಳೆಯ ಒಂದು ಆಲ್ಬಂ, ಬಿಡಿ ಫೋಟೊಗಳು, ದಾರದಿಂದ ಕಟ್ಟಿದ ಪೋಸ್ಟ್‌ಕಾರ್ಡುಗಳು ಇವೆ. ತಾತನ ತಮ್ಮ ಮಲಯಾದಲ್ಲಿದ್ದರಂತೆ (ಈಗಿನ ಮಲೇಷ್ಯಾ, ಸಿಂಗಪುರದ ಕಡೆ). ಅಜ್ಜಿಯ ತಂಗಿಯ ಸಂಸಾರ ನೈರೋಬಿಯಲ್ಲಿತ್ತು. ಅವರ ಮೊಮ್ಮಕ್ಕಳು ಈಗ ಮೆಲ್ಬರ್ನ್ ಮತ್ತು ನ್ಯೂಜೆರ್ಸಿಯಲ್ಲಿದ್ದು, ‘ಫೋನಿನಲ್ಲಿ ಹೊಡೆದು ಗ್ರೂಪಿಗೆ ಹಾಕಿ’ ಅನ್ನುತ್ತಿದ್ದಾರೆ. ಅರ್ಧಕ್ಕರ್ಧ ಫೋಟೊಗಳಲ್ಲಿ ಇರುವವರು ಯಾರೋ ತಿಳಿಯದು. ಕೆಲವಕ್ಕೆ ಬೂಷ್ಟು ಹಿಡಿದಿದೆ, ಗೋಡೆಯ ಮೇಲಿದ್ದ ಒಂದು ದೊಡ್ಡ ಫೋಟೊ ಗಾಜಿಗೇ ಅಂಟಿಕೊಂಡಿದೆ. ಎಲ್ಲಿಂದ ಶುರು ಮಾಡಲಿ? ಮೂಲ ಪ್ರತಿಗಳನ್ನೇ ಅವರಿಗೆ ಕಳಿಸಿಬಿಡಬಹುದೇ?

ಉತ್ತರ: ಮೊದಲ ಕೆಲಸ, ಯಾವುದನ್ನೂ ವಿಂಗಡಿಸದೆ ಇರುವುದು. ‘ಮಲಯಾದ್ದು ಒಂದು ಕಡೆ, ನೈರೋಬಿಯದ್ದು ಒಂದು ಕಡೆ’ ಎಂದು ಹರಡಿಕೊಂಡು ಕೂತರೆ ಅಲ್ಲಿಗೆ ಅರ್ಧ ಮಾಹಿತಿ ಹೋಯಿತು. ದಾರ ಬಿಚ್ಚುವ ಮೊದಲು ಕಟ್ಟನ್ನು ಮೇಲಿನಿಂದಲೂ ಪಕ್ಕದಿಂದಲೂ ಫೋನಿನಲ್ಲಿ ಹಿಡಿದಿಡಿ. ಆಮೇಲೆ ಇದ್ದ ಕ್ರಮದಲ್ಲೇ ಒಂದೊಂದನ್ನೂ ತೆಗೆದು, ಹಿಂಬದಿಯ ಬಲಗಡೆ ಕೆಳಮೂಲೆಯಲ್ಲಿ 4ಬಿ ಅಥವಾ 6ಬಿ ಮೆದು ಪೆನ್ಸಿಲಿನಿಂದ ಸಣ್ಣದಾಗಿ 001, 002 ಎಂದು ನಂಬರು ಹಾಕಿ. ಬಾಲ್‌ಪೆನ್ ಬೇಡವೇ ಬೇಡ. ಒತ್ತಿದ ಗೆರೆ ಮುಂಬದಿಯಲ್ಲಿ ಉಬ್ಬುತ್ತದೆ, ಶಾಯಿ ವರ್ಷಗಳಲ್ಲಿ ಪಕ್ಕದ ಫೋಟೊಗೆ ಇಳಿಯುತ್ತದೆ. ಹಿಂಬದಿ ಪ್ಲಾಸ್ಟಿಕ್ಕಿನಂತೆ ನುಣುಪಾಗಿರುವ ಪ್ರಿಂಟಿನ ಮೇಲೆ ಪೆನ್ಸಿಲು ಹಿಡಿಯುವುದಿಲ್ಲ. ಅಂಥದ್ದಕ್ಕೆ ನಂಬರನ್ನು ಅದರ ಕವರಿನ ಮೇಲೆ ಬರೆಯಿರಿ. ಹೆಸರಿಲ್ಲದ ಒಂದು ಫೋಟೊ, 1956ರ ಕಾರ್ಡಿನ ಮಧ್ಯೆ ಸಿಕ್ಕಿತು ಎನ್ನುವುದೇ ಎಷ್ಟೋ ಸಲ ಅದರ ಏಕೈಕ ಗುರುತು.

ಎರಡನೆಯ ಮಾತು ಹೆಚ್ಚು ಮುಖ್ಯ. ನಿಮ್ಮ ಟ್ರಂಕಿನಲ್ಲಿರುವುದು ಅಲ್ಲಿಂದ ಬಂದ ಕಾಗದಗಳು. ನಿಮ್ಮ ತಾತ ಬರೆದವು ಇಲ್ಲಿಲ್ಲ. ಉಳಿದಿದ್ದರೆ ಮೆಲ್ಬರ್ನಿನ ಯಾವುದೋ ಗ್ಯಾರೇಜಿನ ರಟ್ಟಿನ ಪೆಟ್ಟಿಗೆಯಲ್ಲಿವೆ. ಫೋಟೊದ್ದೂ ಇದೇ ಲೆಕ್ಕ. ಸ್ಟುಡಿಯೊದಲ್ಲಿ ಒಂದೇ ನೆಗೆಟಿವ್‌ನಿಂದ ಮೂರು ನಾಲ್ಕು ಪ್ರಿಂಟು ಹಾಕಿಸುತ್ತಿದ್ದರು. ಮನೆಯಲ್ಲಿ ಉಳಿದ ಪ್ರತಿಯ ಹಿಂದೆ ಏನೂ ಬರೆಯುತ್ತಿರಲಿಲ್ಲ, ಮನೆಯವರಿಗೆ ಗೊತ್ತೇ ಇರುತ್ತಿತ್ತಲ್ಲ. ದೂರದವರಿಗೆ ಕಳಿಸಿದ ಪ್ರತಿಯ ಹಿಂದೆ ಮಾತ್ರ ‘ಎಡದಿಂದ ಇಂಥವರು, ತೊಡೆಯ ಮೇಲೆ ಇಂಥ ಮಗು’ ಎಂದು ಬರೆದಿರುತ್ತಾರೆ. ಆದ್ದರಿಂದ ನಿಮ್ಮ ಗುರುತಿಲ್ಲದ ಬಸವನಗುಡಿ ಫೋಟೊಗಳಿಗೆ ಉತ್ತರ ಅವರ ಬಳಿ, ಅವರ ಗುರುತಿಲ್ಲದ ಮಲಯಾ ಫೋಟೊಗಳಿಗೆ ಉತ್ತರ ನಿಮ್ಮ ಬಳಿ. ಗ್ರೂಪಿಗೆ ಹಾಕುವ ಮೊದಲ ಸಂದೇಶ ‘ಇವರು ಯಾರು?’ ಎಂದಲ್ಲ, ‘ನಿಮ್ಮಲ್ಲಿರುವ ಹಳೆಯ ಫೋಟೊಗಳ ಹಿಂಬದಿ ಕಳಿಸಿ’ ಎಂದಿರಲಿ.

ಇನ್ನು ಕಾಲ ಗೊತ್ತುಮಾಡುವ ಬಗೆ. ಕಾರ್ಡಿನಲ್ಲಿ ಮೊದಲು ನೋಡಬೇಕಾದ್ದು ಅಂಚೆ ಮುದ್ರೆ. ಹಲವು ಕಾರ್ಡುಗಳಲ್ಲಿ ಎರಡಿರುತ್ತವೆ: ಹೊರಟ ಊರಿನದು ಒಂದು, ಇಲ್ಲಿ ಬಟವಾಡೆಯಾದದ್ದು ಇನ್ನೊಂದು. ಎರಡರ ನಡುವೆ ವಾರಗಟ್ಟಲೆ ಅಂತರವಿದ್ದರೆ ಹಡಗಿನಲ್ಲಿ ಬಂದದ್ದು. ‘ಟಿ’ ಅಕ್ಷರದ ಮುದ್ರೆ ಇದ್ದರೆ ಅಂಚೆ ಚೀಟಿ ಸಾಲದೆ ಪಡೆದವರು ದುಡ್ಡು ತೆತ್ತರೆಂದು ಅರ್ಥ. ಮುದ್ರೆ ಮಾಸಿದ್ದರೆ ಚೀಟಿಯೇ ಸಾಕ್ಷಿ. ‘ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್’ ಎಂಬ, ಸಿಂಗಪುರ–ಪೆನಾಂಗ್ ಕಡೆಯ ಬ್ರಿಟಿಷ್ ಆಡಳಿತ 1946ಕ್ಕೆ ಮುಗಿಯಿತು. ಅದೇ ಚೀಟಿಯ ಮೇಲೆ ‘ಬಿಎಂಎ ಮಲಯಾ’ (ಬ್ರಿಟಿಷ್ ಸೇನಾ ಆಡಳಿತ) ಎಂದು ಅಡ್ಡ ಅಚ್ಚಾಗಿದ್ದರೆ 1945ರಿಂದ 48ರ ಆಸುಪಾಸು. ಸಿಂಗಪುರ ಜಪಾನೀಯರ ವಶವಾದದ್ದು 1942ರ ಫೆಬ್ರವರಿ 15ರಂದು. ಅಲ್ಲಿಂದ 1945ರ ಸೆಪ್ಟೆಂಬರ್‌ವರೆಗೆ ನಿಮ್ಮ ಕಟ್ಟಿನಲ್ಲಿ ಮಲಯಾದ ಕಾಗದ ಕಾಣದಿದ್ದರೆ ಅದು ಕಳೆದುಹೋದದ್ದಲ್ಲ, ಬರಲು ದಾರಿಯೇ ಇರಲಿಲ್ಲ. ಪೋರ್ಟ್ ಸ್ವೆಟನ್‌ಹ್ಯಾಂ ಎಂಬ ಬಂದರು 1972ರಲ್ಲಿ ಪೋರ್ಟ್ ಕ್ಲಾಂಗ್ ಆಯಿತು. ಪೂರ್ವ ಆಫ್ರಿಕಾದ ಕಡೆ, ಕೀನ್ಯಾ, ಉಗಾಂಡ, ಟ್ಯಾಂಗನಿಕ ಮೂರೂ ಹೆಸರು ಒಟ್ಟಿಗೆ ಇರುವ ಚೀಟಿಗಳು 1935ರಿಂದ ಬಂದವು. ಕೀನ್ಯಾ ಸ್ವತಂತ್ರವಾದದ್ದು 1963ರ ಡಿಸೆಂಬರ್ 12ರಂದು. ಮಲಯಾದ್ದಿರಲಿ, ಪೂರ್ವ ಆಫ್ರಿಕಾದ್ದಿರಲಿ, ಚೀಟಿಯಲ್ಲಿ ರಾಣಿ ಎರಡನೇ ಎಲಿಜಬೆತ್‌ಳ ಮುಖವಿದ್ದರೆ 1952ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಚೀಟಿ ಕಿತ್ತುಹೋಗಿದ್ದರೆ (ಮನೆಯಲ್ಲಿ ಅಂಚೆಚೀಟಿ ಸಂಗ್ರಹಿಸುವ ಹುಡುಗನೊಬ್ಬ ಇದ್ದೇ ಇರುತ್ತಾನೆ) ವಿಳಾಸ ನೋಡಿ. ‘ಬೆಂಗಳೂರು-4’ ಎಂದಷ್ಟೇ ಇದ್ದರೆ ಬಹುಮಟ್ಟಿಗೆ 1972ಕ್ಕಿಂತ ಹಿಂದಿನದು. ಆ ವರ್ಷ ಆಗಸ್ಟ್ 15ರಂದು ಪಿನ್‌ಕೋಡ್ ಬಂದು ಬಸವನಗುಡಿ 560004 ಆಯಿತು. ಆದರೆ ಹಳೆಯ ತಲೆಗಳು ಎಪ್ಪತ್ತರ ದಶಕ ಪೂರ್ತಿ ‘ಬೆಂಗಳೂರು-4’ ಎಂದೇ ಬರೆದರು. ಹಾಗಾಗಿ ಪಿನ್‌ಕೋಡ್ ಇದ್ದರೆ ಅದು ಗಟ್ಟಿ ಸಾಕ್ಷಿ, ಇಲ್ಲದಿದ್ದರೆ ಬರೀ ಸುಳಿವು. ಕಟ್ಟಿನಲ್ಲಿ ಇಲ್ಲಿಯದೇ ಒಳನಾಡಿನ ಕಾರ್ಡು ಸೇರಿದ್ದರೆ ಅಚ್ಚಾದ ಬೆಲೆ ನೋಡಿ: ಆಣೆ, ಪೈ ಇದ್ದರೆ 1957ರ ಏಪ್ರಿಲ್‌ಗೆ ಮುಂಚಿನ ಅಚ್ಚು, ‘ನಯಾ ಪೈಸೆ’ ಇದ್ದರೆ 1957ರಿಂದ 64ರೊಳಗಿನದು. ಚಿತ್ರವಿರುವ ಕಾರ್ಡಿನಲ್ಲಿ ಒಂದು ಎಚ್ಚರ: ಚಿತ್ರ ತೆಗೆದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ, ಅಂಚೆಗೆ ಬಿದ್ದ ವರ್ಷ ಬೇರೆ. ಅಂಗಡಿಯಲ್ಲಿ ಹತ್ತು ವರ್ಷ ಮಾರಾಟವಾಗದೆ ಕೂತ ಕಾರ್ಡೂ ಇರುತ್ತದೆ.

ತಾರೀಖಿನಲ್ಲಿ ಎಡವುವುದು ಎರಡು ಕಡೆ. 3-4-52 ಎಂದರೆ ಮಲಯಾ, ನೈರೋಬಿಯವರಿಗೆ ಏಪ್ರಿಲ್ 3. ನ್ಯೂಜೆರ್ಸಿಯ ನಿಮ್ಮ ಬಂಧು ಅದನ್ನು ಮಾರ್ಚ್ 4 ಎಂದು ಪಟ್ಟಿಗೆ ಹತ್ತಿಸುತ್ತಾರೆ. ಪಟ್ಟಿಯಲ್ಲಿ 1952-04-03 ಎಂದು ವರ್ಷ ಮೊದಲಾಗಿ ಬರೆದರೆ ಜಗಳವಿಲ್ಲ. ಇನ್ನೊಂದು, ಸಂವತ್ಸರ. ಹಿರಿಯರು ‘ದುರ್ಮುಖಿ ಸಂ|| ಮಾಘ ಶು|| 5’ ಎಂದಷ್ಟೇ ಬರೆದು ನಿಲ್ಲಿಸಿರುತ್ತಾರೆ. ಪ್ರಭವ 1927ರ ಯುಗಾದಿಗೆ ಶುರು. ಅಲ್ಲಿಂದ ಎಣಿಸಿದರೆ ವಿಕೃತಿ 1950, ವಿಜಯ 1953, ದುರ್ಮುಖಿ 1956. ಆದರೆ ಮಾಘ ಬರುವುದು ಆ ಸಂವತ್ಸರದ ಕೊನೆಯಲ್ಲಿ, ಎಂದರೆ 1957ರ ಜನವರಿ–ಫೆಬ್ರವರಿಯಲ್ಲಿ. ಮಾಘ, ಫಾಲ್ಗುಣಗಳ ಕಾಗದಗಳನ್ನು ಒಂದು ವರ್ಷ ಹಿಂದಕ್ಕೆ ತಳ್ಳಿಬಿಡುವುದು ತುಂಬ ಸಾಮಾನ್ಯವಾದ ತಪ್ಪು.

ಕನ್ನಡ ಕಾಗದದ ಒಕ್ಕಣೆಯಷ್ಟು ಮಾಹಿತಿ ಕೊಡುವ ಭಾಗ ಮತ್ತೊಂದಿಲ್ಲ. ಆದರೂ ಓದುವಾಗ ಎಲ್ಲರೂ ಹಾರಿಸುವುದು ಅದನ್ನೇ. ‘ತೀರ್ಥರೂಪ’ ಎಂದಿದ್ದರೆ ಬರೆದವರು ಮಗ ಅಥವಾ ಮಗಳು. ‘ತೀರ್ಥರೂಪ ಸಮಾನರಾದ’ ಎಂದಿದ್ದರೆ ತಂದೆಯಲ್ಲ, ಆ ಸ್ಥಾನದ ಹಿರಿಯ: ದೊಡ್ಡಪ್ಪ, ಮಾವ, ಹಿರಿಯಣ್ಣ. ‘ಚಿ||’ ಕಿರಿಯರಿಗೆ, ‘ಸೌ||’ ಮುತ್ತೈದೆಗೆ, ‘ಗಂ|| ಭಾ||’ ಗಂಡ ತೀರಿಕೊಂಡವರಿಗೆ. ಒಬ್ಬಳೇ ಹೆಣ್ಣುಮಗಳ ಹೆಸರು ಒಂದು ಕಾರ್ಡಿನಲ್ಲಿ ‘ಚಿ|| ಕುಮಾರಿ’, ಮುಂದೊಂದರಲ್ಲಿ ‘ಚಿ|| ಸೌ||’, ಇನ್ನೊಂದರಲ್ಲಿ ‘ಗಂ|| ಭಾ||’ ಎಂದು ಬಂದರೆ ಅವಳ ಮದುವೆ ಮತ್ತು ಗಂಡನ ಸಾವು ಯಾವ ಎರಡು ತಾರೀಖುಗಳ ನಡುವೆ ನಡೆದವು ಎಂದು ನಿಮಗೆ ಸಿಕ್ಕಿತು. ಕೊನೆಯಲ್ಲಿ ‘ನಮಸ್ಕಾರಗಳು’ ಯಾರಿಗೆ, ‘ಆಶೀರ್ವಾದಗಳು’ ಯಾರಿಗೆ ಎಂದು ಗುರುತುಹಾಕಿ. ಮನೆಯಲ್ಲಿ ಅಂದು ಯಾರಿದ್ದರು, ಯಾರು ಹಿರಿಯರು, ಯಾರು ಕಿರಿಯರು ಎಂಬ ಪಟ್ಟಿ ಅದೇ. ಮೂಲೆಯಲ್ಲಿ ಅರಿಶಿನದ ಕಲೆ ಇದ್ದರೆ ಶುಭ ಸಮಾಚಾರದ ಕಾಗದ, ಅದನ್ನು ಕೊಳೆಯೆಂದು ಒರೆಸಬೇಡಿ. ಸಾವಿನ ಕಾರ್ಡನ್ನು ಓದಿದೊಡನೆ ಹರಿದುಹಾಕುವ ರೂಢಿ ಬಹಳ ಮನೆಗಳಲ್ಲಿತ್ತು. ಹಾಗಾಗಿ ಕಟ್ಟಿನಲ್ಲಿ ಸಾವಿನ ಸುದ್ದಿ ಇಲ್ಲ ಎಂಬುದರಿಂದ ಆ ವ್ಯಕ್ತಿ ಆಗ ಬದುಕಿದ್ದರು ಎಂದು ತೀರ್ಮಾನಿಸಲಾಗದು. ಕರೆಯುವ ಹೆಸರನ್ನೂ ನೇರವಾಗಿ ನಂಬಬೇಡಿ. ಹಳೆ ಮೈಸೂರಿನ ಕೂಡುಕುಟುಂಬಗಳಲ್ಲಿ ಮಕ್ಕಳು ತಂದೆಯನ್ನೇ ‘ಅಣ್ಣ’ ಅನ್ನುತ್ತಿದ್ದರು, ಚಿಕ್ಕಪ್ಪಂದಿರು ಕರೆದದ್ದು ಕೇಳಿ ಕೇಳಿ.

ಫೋಟೊಗಳ ಕಾಲಕ್ಕೆ ಸುಳಿವು ಕಾಗದದಲ್ಲೇ ಇರುತ್ತದೆ. ದಪ್ಪ ರಟ್ಟಿಗೆ ಅಂಟಿಸಿದ ಸುಮಾರು ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರದ ಸ್ಟುಡಿಯೊ ಚಿತ್ರ ಕ್ಯಾಬಿನೆಟ್ ಕಾರ್ಡ್, ನಿಮ್ಮ ಮುತ್ತಾತನ ಕಾಲದ್ದು. ರಟ್ಟಿನ ಮೇಲೆ ಸ್ಟುಡಿಯೊ ವಿಳಾಸ ‘ಸೌತ್ ಪರೇಡ್’ ಎಂದಿದ್ದರೆ ಆ ರಸ್ತೆ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಗುವ ಮುಂಚಿನದು. ಬೆಂಗಳೂರಿನ ಜಿ.ಕೆ. ವೇಲ್ ಸ್ಟುಡಿಯೊದ ಮುದ್ರೆ ಇದ್ದರೆ 1910ಕ್ಕಿಂತ ಹಿಂದೆ ಹೋಗುವಂತಿಲ್ಲ. ಹಿಂಬದಿಯಲ್ಲಿ ಸಣ್ಣಗೆ ‘ಆಗ್ಫಾ-ಗೆವರ್ಟ್’ ಎಂದು ಎರಡೂ ಹೆಸರಿದ್ದರೆ ಆ ಕಂಪನಿಗಳು ಒಂದಾದ 1964ರ ಈಚಿನದು. ‘ಇಂದು’ ಎಂದಿದ್ದರೆ ಊಟಿಯ ಹಿಂದುಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಕಾಗದ, 1967ರ ಈಚಿನದು. ಹಿಂದೆ ‘ಪೋಸ್ಟ್ ಕಾರ್ಡ್’ ಎಂದು ಅಚ್ಚಾಗಿ, ಬರಹವೂ ಚೀಟಿಯೂ ಇಲ್ಲದ ಮೂರೂವರೆ–ಐದೂವರೆ ಇಂಚಿನ ಫೋಟೊಗಳು ಸಿಕ್ಕಾವು. ಸ್ಟುಡಿಯೊಗಳು ಆ ಕಾಗದದ ಮೇಲೇ ಪ್ರಿಂಟು ಹಾಕುತ್ತಿದ್ದವು, ಜನ ಅದನ್ನು ಲಕೋಟೆಯೊಳಗಿಟ್ಟು ಕಳಿಸುತ್ತಿದ್ದರು. ಹಿಂಬದಿ ಖಾಲಿ ಎಂದಮಾತ್ರಕ್ಕೆ ಊರು ಬಿಟ್ಟು ಹೋಗಿಲ್ಲ ಎಂದಲ್ಲ. ಬಣ್ಣದ ಪ್ರಿಂಟಿನ ಬಿಳಿ ಅಂಚಿನಲ್ಲಿ ಅಚ್ಚಾದ ತಿಂಗಳು–ವರ್ಷ ಫಿಲ್ಮ್ ತೊಳೆದದ್ದರದು. ಯುಗಾದಿಯಲ್ಲಿ ತೆಗೆದ ರೋಲು ದೀಪಾವಳಿಗೆ ಮುಗಿದು ತೊಳೆಯಲು ಹೋದದ್ದೂ ಉಂಟು.

ಮುಟ್ಟುವ ಕೆಲಸಕ್ಕೆ ಬೆಂಗಳೂರಿನಲ್ಲಿ ಜನವರಿಯಿಂದ ಮಾರ್ಚ್ ಒಳ್ಳೆಯ ಸಮಯ. ಮಳೆಗಾಲದಲ್ಲಿ ಬೂಷ್ಟು ಬಿಡಿಸಲು ಕೂಡಬೇಡಿ. ಫೋಟೊದ ಮೇಲ್ಪದರ ಜೆಲಾಟಿನ್. ತೇವ ಸಿಕ್ಕರೆ ಉಬ್ಬಿ ಅಂಟಾಗುತ್ತದೆ, ಬೂಷ್ಟಿಗೆ ಅದೇ ಆಹಾರ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಮುಖವೂ ಬರುವುದು ಇದರಿಂದಲೇ. ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಬೇರೆ ಮಾಡಿ, ನೆರಳಿನ ಒಣ ಕೋಣೆಯಲ್ಲಿ ಎರಡು ಮೂರು ದಿನ ಬಿಡಿಬಿಡಿಯಾಗಿ ಹರಡಿ. ಬಿಸಿಲು ಬೇಡ, ಫ್ಯಾನು ನೇರವಾಗಿ ಬೇಡ. ಬೂಷ್ಟು ಒಣಗಿ ಪುಡಿಯಾದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಅಗಲ ಬ್ರಷ್ಷಿನಿಂದ ಮಧ್ಯದಿಂದ ಅಂಚಿಗೆ ಹಗುರವಾಗಿ ತಳ್ಳಿ. ಬಣ್ಣ ಹಚ್ಚಿದ ಫೋಟೊಗಳನ್ನು ಬ್ರಷ್ಷಿನಿಂದಲೂ ಮುಟ್ಟಬೇಡಿ. ಕಾರ್ಡುಗಳಲ್ಲಿ ಇನ್ನೊಂದು ಅಪಾಯ: ಬೂದುಬಣ್ಣದ ಪೆನ್ಸಿಲ್ ಬರಹದಂತೆ ಕಾಣುವುದು ಕಾಪಿಯಿಂಗ್ ಪೆನ್ಸಿಲಿನದಾಗಿರಬಹುದು, ಒಂದು ಹನಿ ನೀರು ತಾಗಿದರೂ ನೇರಳೆಯಾಗಿ ಹರಡಿ ಅಕ್ಷರ ಮುಳುಗುತ್ತದೆ.

ಕಪ್ಪು ಹಾಳೆಯ ಆಲ್ಬಮ್ಮಿನಲ್ಲಿ ಫೋಟೊಗಳು ಮೂಲೆಪಟ್ಟಿಯಲ್ಲಿ ಕೂತಿದ್ದರೆ ತೆಗೆದು ಹಿಂಬದಿ ನೋಡಿ ಮತ್ತೆ ಅಲ್ಲೇ ಕೂರಿಸಿ. ಅಂಟು ಹಾಕಿದ್ದರೆ ಕೀಳಬೇಡಿ. ಹಾಳೆ ಹಾಳೆಯನ್ನೇ ಸ್ಕ್ಯಾನ್ ಮಾಡಿ, ಆಲ್ಬಂ ಇಡಿಯಾಗಿ ಉಳಿಯಲಿ. ಬಿಳಿ ಪೆನ್ಸಿಲಿನ ಅಡಿಬರಹವೂ ಜೋಡಣೆಯೂ ಅದನ್ನು ಮಾಡಿದವರ ಕೈಗೆಲಸ. ಎಪ್ಪತ್ತು–ಎಂಬತ್ತರ ದಶಕದ, ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ‘ಮ್ಯಾಗ್ನೆಟಿಕ್’ ಆಲ್ಬಂ ವಿಷಯ ಬೇರೆ, ಅದರಿಂದ ತೆಗೆಯುವುದೇ ಒಳ್ಳೆಯದು. ಮೇಣ ಹಚ್ಚಿರದ ಡೆಂಟಲ್ ಫ್ಲಾಸನ್ನು ಫೋಟೊ ಮತ್ತು ಹಾಳೆಯ ನಡುವೆ ಗರಗಸದಂತೆ ನಿಧಾನ ಎಳೆಯಿರಿ. ಬಗ್ಗಿಸಬೇಕಾದ್ದು ಹಾಳೆಯನ್ನು, ಫೋಟೊವನ್ನಲ್ಲ. ಎಲ್ಲಾದರೂ ತಡೆದರೆ ನಿಲ್ಲಿಸಿ.

ಗಾಜಿಗೆ ಅಂಟಿದ ಫೋಟೊ. ವರ್ಷಗಟ್ಟಲೆ ತೇವಕ್ಕೆ ಜೆಲಾಟಿನ್ ಗಾಜಿಗೆ ಕಚ್ಚಿಕೊಂಡಿದೆ. ನೀರಿನಲ್ಲಿ ನೆನೆಹಾಕುವ ವಿಡಿಯೊಗಳನ್ನು ನೋಡಿ ಮೋಸಹೋಗಬೇಡಿ. ಕೆಲವು ಕಾಗದಕ್ಕೆ ಅದು ನಡೆದೀತು, ಬಹಳಷ್ಟಕ್ಕೆ ಚಿತ್ರ ಗಾಜಿನ ಮೇಲೆ, ಕಾಗದ ಕೈಯಲ್ಲಿ ಉಳಿಯುತ್ತದೆ. ಹಿಂದಿನ ಮೊಳೆ ಮತ್ತು ರಟ್ಟನ್ನು ಬಿಡಿಸಿ (ಆ ರಟ್ಟಿನ ಒಳಮೈಯಲ್ಲಿ ಬರಹವಿದೆಯೇ ನೋಡಿಯೇ ಎಸೆಯಿರಿ), ಗಾಜಿನ ಹೊರಮೈಯ ಗಂಧ, ಕುಂಕುಮ, ದೀಪದ ಮಸಿಯನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ಅಂಚಿಗೆ ನೀರು ಜಿನುಗದಂತೆ. ಬಳಿಕ ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ. ಫೋಟೊ ಬೆಲೆಬಾಳುವುದೆನಿಸಿದರೆ ಬೆಂಗಳೂರಿನಲ್ಲಿರುವ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಿ. ಚೌಕಟ್ಟಿನಂಗಡಿಯವರ ಕೈಗೆ ಕೊಡಬೇಡಿ, ಲ್ಯಾಮಿನೇಶನ್ ಅಂತೂ ಯಾವುದಕ್ಕೂ ಬೇಡ. ಬಿಸಿಯಲ್ಲಿ ಅಂಟಿದ ಪದರವನ್ನು ಬಿಡಿಸುವ ದಾರಿಯಿಲ್ಲ.

ಸ್ಕ್ಯಾನರಿನಲ್ಲಿ ಎರಡು ಜಾತಿ. ತೆಳ್ಳಗಿನ ಅಗ್ಗದ ಸಿಐಎಸ್ ಸ್ಕ್ಯಾನರ್ ಗಾಜಿಗೆ ತಾಗಿದ್ದನ್ನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಸುರುಳಿಗಟ್ಟಿದ ಫೋಟೊ, ಚೌಕಟ್ಟಿನ ಗಾಜಿನ ಹಿಂದಿನ ಫೋಟೊ ಮಸುಕಾಗುತ್ತದೆ. ಅವಕ್ಕೆ ಲೆನ್ಸಿನ ಮೂಲಕ ನೋಡುವ ಸಿಸಿಡಿ ಸ್ಕ್ಯಾನರೇ ಬೇಕು. ಕಾರ್ಡು ಮತ್ತು ಅದೇ ಗಾತ್ರದ ಫೋಟೊಗಳಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಎರಡೂಕಾಲು ಇಂಚಿನ ಸಣ್ಣ ಚೌಕ ಪ್ರಿಂಟುಗಳಿಗೆ 1200. ಕಪ್ಪು-ಬಿಳುಪನ್ನೂ 24 ಬಿಟ್ ಬಣ್ಣದಲ್ಲೇ ಮಾಡಿ. ‘ಆಟೊ ಕರೆಕ್ಷನ್’, ‘ಡಸ್ಟ್ ರಿಮೂವಲ್’ ಆಫ್ ಮಾಡಿ. ದೂಳೆಂದು ಮೂಗುತಿ ಅಳಿಸುವ ತಂತ್ರಾಂಶಗಳಿವೆ. ಹಿಂಬದಿ ಖಾಲಿ ಕಂಡರೂ ಸ್ಕ್ಯಾನ್ ಮಾಡಿ. ಮೂರೂವರೆ–ಐದೂವರೆ ಇಂಚಿನ ಕಾರ್ಡಿನ ಒಂದು ಮೈ 600 ಡಿಪಿಐಯಲ್ಲಿ 2100ಕ್ಕೆ 3300 ಪಿಕ್ಸೆಲ್, ಟಿಫ್ (ಚಿತ್ರವನ್ನು ಕುಗ್ಗಿಸದೆ ಉಳಿಸುವ ಬಗೆ) ಕಡತ ಸುಮಾರು 21 ಎಂಬಿ. ನೂರು ಕಾರ್ಡಿನ ಎರಡೂ ಮೈ ಸೇರಿ ಸುಮಾರು 4.2 ಜಿಬಿ ಅಷ್ಟೇ, ಕಂಜೂಸಿಗೆ ಕಾರಣವಿಲ್ಲ. ಕಡತದ ಹೆಸರು ನಿಮ್ಮ ಪೆನ್ಸಿಲ್ ನಂಬರೇ ಇರಲಿ: 047-ಮುಂದೆ, 047-ಹಿಂದೆ. ಮೇಲ್ಮೈಯಲ್ಲಿ ಜೇನುಗೂಡಿನಂಥ ನೇಯ್ಗೆ ಇದ್ದು ಸ್ಕ್ಯಾನಿನಲ್ಲಿ ಚುಕ್ಕೆ ಕಂಡರೆ, ಫೋಟೊವನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಒಂದರ ಮೇಲೊಂದಿಟ್ಟು ಬೆರೆಸಬಹುದು. ಮಾಸಿದ ನೀಲಿ ಶಾಯಿ ಓದಲು ಬಣ್ಣದ ಸ್ಕ್ಯಾನಿನ ಕೆಂಪು ಚಾನೆಲ್ (ತಂತ್ರಾಂಶ ಬೇರ್ಪಡಿಸಿ ತೋರಿಸುವ ಕೆಂಪಿನ ಪದರ) ಮಾತ್ರ ನೋಡಿ, ಕಂದುಬಣ್ಣಕ್ಕೆ ತಿರುಗಿದ ಶಾಯಿಗೆ ನೀಲಿ ಚಾನೆಲ್.

ಗ್ರೂಪಿಗೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ‘ಫೋಟೊ’ ಎಂದು ಹಾಕಿದರೆ ಅದು ಕುಗ್ಗಿಸಿಬಿಡುತ್ತದೆ. ‘ಡಾಕ್ಯುಮೆಂಟ್’ ಎಂದು ಹಾಕಿ, ಇಲ್ಲವೇ ಡ್ರೈವ್ ಕೊಂಡಿ ಕೊಡಿ. ಮುಖವನ್ನು ಚೊಕ್ಕ ಮಾಡಿಕೊಡುವ ಎಐ ಆ್ಯಪ್‌ಗಳನ್ನು ಗುರುತು ಹಿಡಿಯುವ ಕೆಲಸಕ್ಕೆ ಬಳಸಲೇಬೇಡಿ. ಹಿಂದಿನ ಸಾಲಿನಲ್ಲಿ ನಿಂತವರ ಮುಖ ನಲವತ್ತು ಪಿಕ್ಸೆಲ್ಲಿದ್ದರೆ ಅದು ಉಳಿದದ್ದನ್ನು ಕಲ್ಪಿಸುತ್ತದೆ, ಆ ಕಲ್ಪನೆ ನೋಡಿ ದೊಡ್ಡಮ್ಮ ‘ಹೌದು, ಇವನೇ’ ಅಂದುಬಿಡುತ್ತಾರೆ. ಹಿರಿಯರಿಗೆ ತೋರಿಸುವಾಗ ಟ್ಯಾಬಿನಲ್ಲಿ ಮೂಲ ಸ್ಕ್ಯಾನ್ ದೊಡ್ಡದು ಮಾಡಿ, ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ಮಾತೇ ನಿಲ್ಲುತ್ತದೆ. ಯಾರು ಹೇಳಿದರು, ಯಾವತ್ತು ಹೇಳಿದರು ಎಂದೂ ಪಟ್ಟಿಯಲ್ಲಿ ಬರೆಯಿರಿ.

ಹೆಸರು ಸಿಕ್ಕ ಮೇಲೆ ಹುಡುಕಾಟ. ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯ ಮಂಡಳಿಯ ನ್ಯೂಸ್‌ಪೇಪರ್‌ಎಸ್‌ಜಿ ಜಾಲತಾಣದಲ್ಲಿ ಸಿಂಗಪುರ–ಮಲಯಾದ ಹಳೆಯ ಪತ್ರಿಕೆಗಳು ಪದ ಹಾಕಿ ಹುಡುಕಲು ಸಿಗುತ್ತವೆ. ನೇಮಕಾತಿ, ಪರೀಕ್ಷಾ ಫಲಿತಾಂಶ, ಮರಣವಾರ್ತೆಗಳಲ್ಲಿ ಭಾರತೀಯ ಹೆಸರುಗಳು ಧಾರಾಳ. ಕೀನ್ಯಾ ಗೆಜೆಟ್‌ನ ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿವೆ. ತೀರಿಕೊಂಡವರ ಆಸ್ತಿಯ ನೋಟಿಸುಗಳಲ್ಲಿ ವಾರಸುದಾರರ ಹೆಸರು ಸಿಗುವ ಸಂಭವವಿದೆ. ಕಷ್ಟ ಬರುವುದು ಹೆಸರಿನ ರೂಪದಲ್ಲಿ. ‘ರಾವ್’ ಅನ್ನು ಅಂದಿನ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಿದ್ದರು, ಎಲ್ಲವನ್ನೂ ಹಾಕಿ ನೋಡಿ. ನಮ್ಮ ಇನಿಷಿಯಲ್‌ನಲ್ಲಿ ಊರು, ತಂದೆಯ ಹೆಸರು ಅಡಗಿರುತ್ತವೆ. ಹೊರದೇಶದಲ್ಲಿ ತಂದೆಯ ಹೆಸರೇ ಮನೆತನದ ಹೆಸರಾಗಿಬಿಡುತ್ತದೆ, ಅಣ್ಣನ ಮಕ್ಕಳದ್ದು ಒಂದು, ತಮ್ಮನ ಮಕ್ಕಳದ್ದು ಮತ್ತೊಂದು. ಮಲೇಷ್ಯಾದ ದಾಖಲೆಯಲ್ಲಿ ಹೆಸರಿನ ನಡುವೆ ‘ಎ/ಎಲ್’ ಇದ್ದರೆ ಇಂಥವರ ಮಗ, ‘ಎ/ಪಿ’ ಇದ್ದರೆ ಮಗಳು ಎಂದು ಓದಿಕೊಳ್ಳಿ.

ಇಡುವ ಜಾಗ: ಮತ್ತೆ ಅಟ್ಟವಲ್ಲ, ತಾರಸಿಯ ಕಾವು ಅಲ್ಲಿಗೇ ಇಳಿಯುತ್ತದೆ. ಒಳಗೋಡೆಗೆ ಒರಗಿಸಿದ ಕಬ್ಬಿಣದ ಬೀರು ಚೆನ್ನ, ನುಸಿಗುಳಿಗೆ ಇಲ್ಲದೆ, ತೇವ ಹೀರುವ ಸಿಲಿಕಾ ಜೆಲ್ ಜೊತೆ. ಜೆಲ್‌ನ ಬಣ್ಣ ತಿರುಗಿದಾಗ 120 ಡಿಗ್ರಿ ಓವನ್ನಿನಲ್ಲಿ ಎರಡು ಮೂರು ತಾಸು ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಪ್ಲಾಸ್ಟಿಕ್ ಕವರು ಪಿವಿಸಿ ಆಗಿರಬಾರದು. ಅವೆನ್ಯೂ ರಸ್ತೆಯಲ್ಲಿ ಕೊಂಡ ಕವರಿನ ಒಂದು ಚೂರು ಕತ್ತರಿಸಿ, ಸೋಪು ಬೆರೆತ ನೀರಿನಲ್ಲಿ ಮುಳುಗಿಸಿ ಬಿಡಿ: ಪಾಲಿಪ್ರೊಪಿಲೀನ್ ತೇಲಿಬರುತ್ತದೆ, ಪಿವಿಸಿ ತಳ ಹಿಡಿಯುತ್ತದೆ. ಒಳ್ಳೆಯದಾದ ಪಾಲಿಯೆಸ್ಟರೂ ಮುಳುಗುತ್ತದೆ. ಅನುಮಾನವಿದ್ದರೆ ತೇಲುವುದನ್ನೇ ಕೊಳ್ಳಿ. ಹುಳಿ ವಾಸನೆ ಬರುವ ನೆಗೆಟಿವ್‌ಗಳಿದ್ದರೆ ಅವನ್ನು ಕಾಗದದ ಕವರಿನಲ್ಲಿ ಹಾಕಿ ಬೇರೆ ಕೋಣೆಯಲ್ಲಿಡಿ, ಆ ಆವಿ ಉಳಿದವನ್ನೂ ಕೆಡಿಸುತ್ತದೆ.

ಮೂಲಗಳನ್ನು ಕಳಿಸುವ ಬಗ್ಗೆ: ಕಟ್ಟನ್ನು ಹಂಚಬೇಡಿ. ಅವರ ಅಜ್ಜ ಬರೆದ ಕಾರ್ಡು ತಮಗೇ ಸೇರಬೇಕು ಎಂದು ಅವರಿಗೆ ಅನಿಸುವುದು ಸಹಜ, ಆದರೆ ಅದು ನಿಮ್ಮ ತಾತನಿಗೆ ಬಂದದ್ದು, ಮುಂದಿನ ಕಾರ್ಡಿನ ಪಕ್ಕದಲ್ಲಿದ್ದರೇ ಅದಕ್ಕೆ ಅರ್ಥ. ಪೂರ್ಣ ಗಾತ್ರದ ಸ್ಕ್ಯಾನ್ ಎಲ್ಲರಿಗೂ ಕೊಡಿ, ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಮೆಲ್ಬರ್ನಿನಲ್ಲೇ ಇರಲಿ. ಎರಡು ಪ್ರಿಂಟು ಇರುವ ಫೋಟೊ ಇದ್ದರೆ ಬರಹವಿಲ್ಲದ್ದನ್ನು ಕೊಡಿ. ಅದನ್ನೂ ಅಂಚೆಗೆ ಹಾಕದೆ, ಹೋಗುವವರ ಕೈಯಲ್ಲಿ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ವಿಮಾನದಲ್ಲಿ ಜೊತೆಗಿಟ್ಟುಕೊಳ್ಳುವ ಚೀಲದಲ್ಲಿ ಕಳಿಸಿ.